ಅಪಾಯದ ನಡುವೆ ಪಾತ್ರದ ಬುದ್ಧಿಯನ್ನು ಕಾಣಿಸುವುದು ಹೇಗೆ: ಕಥೆಗಾರರಿಗೊಂದು ಸಮಗ್ರ ಮಾರ್ಗದರ್ಶಿ

ಹೊಸ ಕಥೆಗಾರರ ಹಸ್ತಪ್ರತಿಗಳನ್ನು ಓದಿ ತಿದ್ದಿಕೊಡುವಾಗ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನಾಯಕಿ ಚುರುಕಿನವಳು, ಸೂಕ್ಷ್ಮಮತಿ ಎಂದು ನಿರೂಪಕನು ಪುಟಗಟ್ಟಲೆ ಹೇಳುತ್ತಾ ಬರುತ್ತಾನೆ. ಬೆಂಕಿಯೋ ಪ್ರವಾಹವೋ ಆಯುಧ ಹಿಡಿದ ಶತ್ರುವೋ ಎದುರಾದ ಕೂಡಲೇ "ಅವಳಿಗೆ ಥಟ್ಟನೆ ಒಂದು ಉಪಾಯ ಹೊಳೆಯಿತು" ಎಂಬ ವಾಕ್ಯ ಬರುತ್ತದೆ. ಮುಂದಿನ ಪ್ಯಾರಾದಲ್ಲಿ ಅವಳು ಪಾರಾಗಿರುತ್ತಾಳೆ. ಉಪಾಯ ಎಲ್ಲಿಂದ ಹೊಳೆಯಿತು, ಅವಳಿಗೇ ಏಕೆ ಹೊಳೆಯಿತು, ಪಕ್ಕದಲ್ಲಿದ್ದವನಿಗೆ ಏಕೆ ಹೊಳೆಯಲಿಲ್ಲ ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ.

ಪಾತ್ರ ಪಾರಾಯಿತೆಂಬ ಕಾರಣಕ್ಕೆ ಓದುಗನು ಅದನ್ನು ಬುದ್ಧಿವಂತ ಎಂದು ಒಪ್ಪುವುದಿಲ್ಲ. ಅದೇ ಕೋಣೆ, ಅದೇ ವಸ್ತುಗಳು ತನ್ನ ಕಣ್ಣೆದುರೂ ಇದ್ದವು, ಆದರೂ ತಾನು ಬಿಟ್ಟುಬಿಟ್ಟದ್ದನ್ನು ಈ ಪಾತ್ರ ಹಿಡಿಯಿತಲ್ಲ ಎಂದು ಅನ್ನಿಸಿದಾಗ ಮಾತ್ರ ಒಪ್ಪುತ್ತಾನೆ. ಆದ್ದರಿಂದ ಬರೆಯುವವನು ಶ್ರಮಪಡಬೇಕಾದದ್ದು ಪಾತ್ರವು ಯಾವುದನ್ನು ಮೊದಲು ನೋಡಿತು, ಯಾವುದನ್ನು ಕೈಬಿಟ್ಟಿತು ಎಂಬ ಕ್ರಮದ ಮೇಲೆ. ಕೆಳಗಿನ ಹಂತಗಳನ್ನು ಅದೇ ಗುರಿಯಿಂದ ಜೋಡಿಸಿದ್ದೇನೆ. ಅವುಗಳನ್ನು ಹಿಂದುಮುಂದು ಮಾಡಬೇಡಿ. ಹೆಚ್ಚಿನ ಸೋಲುಗಳು ನಾಲ್ಕನೆಯ ಹಂತವನ್ನು ಆರನೆಯದರ ನಂತರ ಮಾಡುವುದರಿಂದಲೇ ಆಗುತ್ತವೆ.

ಬರೆಯುವ ಮೊದಲು ಕೈಗೆ ಸಿಗಬೇಕಾದವು

ಒಂದು ಹಾಳೆಯಲ್ಲಿ ಸ್ಥಳದ ನಕ್ಷೆ ಇರಲಿ: ಬಾಗಿಲು, ಕಿಟಕಿ, ಎತ್ತರ, ಅಂತರ, ಬೆಳಕು ಬರುವ ದಿಕ್ಕು. ಇನ್ನೊಂದು ಹಾಳೆಯಲ್ಲಿ ಆ ಸ್ಥಳದಲ್ಲಿರುವ ವಸ್ತುಗಳ ಪಟ್ಟಿ ಇರಲಿ. ಕಥೆಗೆ ಬೇಕಾದ ವಸ್ತುಗಳಷ್ಟೇ ಅಲ್ಲ, ಸಹಜವಾಗಿ ಅಲ್ಲಿರಬಹುದಾದ ಎಲ್ಲವೂ. ಮೂರನೆಯ ಹಾಳೆಯನ್ನು ಮೂರು ಅಂಕಣಗಳಾಗಿ ಗೆರೆ ಎಳೆದು, ಪಾತ್ರಕ್ಕೆ ತಿಳಿದದ್ದು, ಎದುರಾಳಿಗೆ ತಿಳಿದದ್ದು, ಓದುಗನಿಗೆ ತಿಳಿದದ್ದು ಎಂದು ತಲೆಬರಹ ಕೊಡಿ. ಇವುಗಳ ಜೊತೆಗೆ ಒಂದು ಸ್ಟಾಪ್‌ವಾಚ್ ಬೇಕು, ಮೊಬೈಲಿನಲ್ಲಿರುವುದೇ ಸಾಕು.

ಹಂತ 1: ಅಪಾಯದ ಸ್ವಭಾವವನ್ನು ನೀವು ಮೊದಲು ಅರಿಯಿರಿ

ಅಪಾಯವು ಹೇಗೆ ಕೊಲ್ಲುತ್ತದೆ ಎಂಬುದು ಗೊತ್ತಿಲ್ಲದೆ ಅದರಿಂದ ತಪ್ಪಿಸಿಕೊಳ್ಳುವ ಬುದ್ಧಿಯನ್ನು ಬರೆಯಲು ಸಾಧ್ಯವಿಲ್ಲ. ಬೆಂಕಿ ಬಿದ್ದ ಕಟ್ಟಡದಲ್ಲಿ ಜ್ವಾಲೆಗಿಂತ ಮೊದಲು ಹೊಗೆ ಜನರನ್ನು ಕೊಲ್ಲುತ್ತದೆ. ಬಿಸಿ ಹೊಗೆ ಸೂರಿನಡಿ ತುಂಬಿಕೊಳ್ಳುವುದರಿಂದ ಉಸಿರಾಡಲು ತಕ್ಕ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಮಸಿ ಸ್ವಲ್ಪ ತಡೆಯಬಹುದು, ಆದರೆ ಕಾರ್ಬನ್ ಮಾನಾಕ್ಸೈಡ್ ಅದರ ಮೂಲಕ ಸಲೀಸಾಗಿ ಹಾಯುತ್ತದೆ. ಒದ್ದೆ ಕರವಸ್ತ್ರ ಕಟ್ಟಿಕೊಂಡು ಹತ್ತು ನಿಮಿಷ ಹೊಗೆಯಲ್ಲಿ ಓಡಾಡುವ ನಾಯಕನನ್ನು ಬರೆದರೆ, ವಿಷಯ ತಿಳಿದ ಓದುಗನು ಅಲ್ಲಿಗೇ ನಿಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾನೆ.

ಪ್ರತಿಯೊಂದು ಅಪಾಯಕ್ಕೂ ತನ್ನದೇ ಆದ ಕಾಲಪಟ್ಟಿ ಇರುತ್ತದೆ. ಕೊರೆಯುವ ತಣ್ಣೀರಿಗೆ ಬಿದ್ದವರ ವಿಷಯದಲ್ಲಿ ರಕ್ಷಣಾ ತರಬೇತಿಯವರು 1-10-1 ಎಂಬ ಲೆಕ್ಕ ಹೇಳಿಕೊಡುತ್ತಾರೆ: ಏದುಸಿರನ್ನು ಹಿಡಿತಕ್ಕೆ ತಂದುಕೊಳ್ಳಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ದೇಹದ ಶಾಖ ಇಳಿದು ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಈ ಮೂರು ಅಂಕೆಗಳಲ್ಲೇ ಒಂದು ಇಡೀ ಅಧ್ಯಾಯದ ಹಂದರವಿದೆ. ಮೊದಲ ನಿಮಿಷದಲ್ಲಿ ಈಜಲು ಹೊರಟವನು ನೀರು ಕುಡಿಯುತ್ತಾನೆ; ತಿಳಿದವಳು ಆ ನಿಮಿಷ ಉಸಿರಿಗಾಗಿಯೇ ತೇಲುತ್ತಾ ಕಾಯುತ್ತಾಳೆ. ಮುಳುಗುತ್ತಿರುವ ಕಾರಿನ ವಿಷಯವೂ ಹಾಗೆಯೇ: ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲವಾದ್ದರಿಂದ, ನೀರು ಗಾಜಿನ ಮಟ್ಟಕ್ಕೆ ಏರುವ ಮುನ್ನ ಪಕ್ಕದ ಕಿಟಕಿ ಇಳಿಸುವುದೇ ಮೊದಲ ಕೆಲಸ. ಬಾಗಿಲನ್ನು ಭುಜದಿಂದ ಗುದ್ದುವ ಪಾತ್ರವು ಶೂರವಾಗಿ ಕಾಣಬಹುದು, ಬುದ್ಧಿವಂತವಾಗಿ ಕಾಣದು.

ಎಚ್ಚರಿಕೆಯ ಗುರುತು: ನಿಮ್ಮ ಅಪಾಯಕ್ಕೆ ಇಂತಹ ಕಾಲಪಟ್ಟಿಯನ್ನು ಬರೆಯಲು ನಿಮಗೆ ಆಗುತ್ತಿಲ್ಲವಾದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ಸ್ಥಳವನ್ನೂ ಸಮಯವನ್ನೂ ಬಿಗಿ ಮಾಡಿ

ಮಾದರಿಗಾಗಿ ಒಂದು ಪ್ರಸಂಗವನ್ನು ಈ ಬರಹದುದ್ದಕ್ಕೂ ಬೆಳೆಸೋಣ. ಶಾರದಮ್ಮ ಐವತ್ತೆರಡು ವರ್ಷದ ದರ್ಜಿ. ಕೆಲಸ ಕಲಿಯಲು ಬಂದಿರುವ ಕಿರಣನಿಗೆ ಹತ್ತೊಂಬತ್ತು. ಹೊಲಿಗೆ ಕೋಣೆ ಮೊದಲ ಮಹಡಿಯಲ್ಲಿದೆ, ಮೆಟ್ಟಿಲ ಬುಡದಲ್ಲಿ ಬೆಂಕಿ ಹತ್ತಿದೆ. ಒಂದೇ ಬಾಗಿಲು. ಹಿಂದೊಂದು ಕಿಟಕಿ, ಅದರ ಕೆಳಗೆ ಮೂರೂವರೆ ಮೀಟರ್ ಆಳದಲ್ಲಿ ಉಗ್ರಾಣದ ತಗಡಿನ ಮಾಡು. ಕೋಣೆಯಲ್ಲಿ ಕಬ್ಬಿಣದ ಕಾಲುಗಳ ಕತ್ತರಿಸುವ ಮೇಜು, ಕಪಾಟಿನಲ್ಲಿ ಬಟ್ಟೆಯ ಥಾನುಗಳು, ಇಸ್ತ್ರಿಗೆ ಇಟ್ಟ ಒಂದು ಬಕೆಟ್ ನೀರು, ದೊಡ್ಡ ಕತ್ತರಿ, ಗಿರಾಕಿಗಳ ಅಳತೆ ಪುಸ್ತಕ. ಶಾರದಮ್ಮನ ಬಲ ಮೊಣಕಾಲು ನೆಟ್ಟಗಿಲ್ಲ. ಹೊಗೆ ಸೊಂಟದ ಮಟ್ಟಕ್ಕೆ ಇಳಿಯಲು ನಾಲ್ಕು ನಿಮಿಷ ಎಂದು ಈ ಕಥೆಗೆ ನಿಗದಿ ಮಾಡಿಕೊಳ್ಳೋಣ.

ಇಷ್ಟನ್ನು ಹಾಳೆಯ ಮೇಲೆ ಗಟ್ಟಿ ಮಾಡಿಕೊಂಡ ಮೇಲೆ ಏನನ್ನೂ ಸೇರಿಸಬಾರದು. ಬರೆಯುತ್ತಾ ಬರೆಯುತ್ತಾ ಕಪಾಟಿನಲ್ಲೊಂದು ಹಗ್ಗ ಸಿಕ್ಕಿಬಿಟ್ಟರೆ ಅದು ನಿಮ್ಮ ಕೃಪೆಯೇ ಹೊರತು ಶಾರದಮ್ಮನ ಬುದ್ಧಿಯಲ್ಲ. 1970ರ ಏಪ್ರಿಲ್‌ನಲ್ಲಿ ಚಂದ್ರನತ್ತ ಹೊರಟಿದ್ದ ಅಪೊಲೊ 13 ನೌಕೆಯ ಆಮ್ಲಜನಕದ ಟ್ಯಾಂಕ್ ಸ್ಫೋಟಗೊಂಡಾಗ, ಇಬ್ಬರಿಗೆ ಎರಡು ದಿನಕ್ಕೆಂದು ಮಾಡಿದ್ದ ಚಂದ್ರನೌಕೆಯಲ್ಲಿ ಮೂವರು ಸುಮಾರು ನಾಲ್ಕು ದಿನ ಜೀವ ಹಿಡಿದುಕೊಳ್ಳಬೇಕಾಯಿತು. ಅವರು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಹೀರಬೇಕಾಗಿದ್ದ, ಮುಖ್ಯ ನೌಕೆಯ ಚೌಕಾಕಾರದ ಡಬ್ಬಿಗಳು ಚಂದ್ರನೌಕೆಯ ದುಂಡು ಕಿಂಡಿಗೆ ಕೂರುತ್ತಿರಲಿಲ್ಲ. ಭೂಮಿಯ ಮೇಲಿದ್ದ ಎಂಜಿನಿಯರರು ನೌಕೆಯಲ್ಲಿ ಇದ್ದ ಸಾಮಾನುಗಳನ್ನೇ, ಅಂದರೆ ಪ್ಲಾಸ್ಟಿಕ್ ಚೀಲ, ರಟ್ಟು, ಗಗನಯಾತ್ರಿಗಳ ಉಡುಪಿನ ಗಾಳಿಕೊಳವೆ, ಅಂಟುಪಟ್ಟಿಯನ್ನೇ ಬಳಸಿ ಜೋಡಣೆಯೊಂದನ್ನು ಮಾಡಿ, ಅದನ್ನು ಕಟ್ಟುವ ಕ್ರಮವನ್ನು ರೇಡಿಯೋದಲ್ಲಿ ಓದಿ ಹೇಳಿದರು. ಆ ಘಟನೆ ಇಂದಿಗೂ ಮೈನವಿರೇಳಿಸುವುದು ಪಟ್ಟಿಯ ಹೊರಗಿನ ಒಂದು ವಸ್ತುವನ್ನೂ ಅವರು ಬಳಸುವಂತಿರಲಿಲ್ಲ ಎಂಬುದರಿಂದ. ನಿಮ್ಮ ಪಟ್ಟಿಗೂ ಅದೇ ಶಿಸ್ತು ಬೇಕು.

ಹಂತ 3: ಪಾತ್ರದ ಬುದ್ಧಿ ಯಾವ ಬಗೆಯದು ಎಂದು ತೀರ್ಮಾನಿಸಿ

ಎಲ್ಲದಕ್ಕೂ ಒದಗುವ ಬುದ್ಧಿ ಎಂಬುದೊಂದಿಲ್ಲ. ಬೀಗ, ವಿಷ, ವಿಮಾನ, ಸಂಕೇತಲಿಪಿ ಎಲ್ಲವನ್ನೂ ಬಲ್ಲ ಪಾತ್ರವು ಓದುಗನ ಕಣ್ಣಿಗೆ ವಿಶ್ವಕೋಶದಂತೆ ಕಾಣುತ್ತದೆ. ಅಪಾಯದ ಹೊತ್ತಿನಲ್ಲಿ ಮನುಷ್ಯನು ಹೊಸದಾಗಿ ಯೋಚಿಸುವುದಕ್ಕಿಂತ ಹಳೆಯದನ್ನು ಗುರುತಿಸುವುದೇ ಹೆಚ್ಚು.

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಮಾತನಾಡಿಸಿ ಕಂಡುಕೊಂಡದ್ದು ಇದನ್ನೇ. ಅವರು ಹಲವು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುತ್ತಿರಲಿಲ್ಲ. ಹಿಂದೆ ಕಂಡ ಸನ್ನಿವೇಶದ ಗುರುತು ಹಿಡಿದು, ಹೊಳೆದ ಮೊದಲ ದಾರಿಯನ್ನು ಮನಸ್ಸಿನಲ್ಲೇ ಓಡಿಸಿ ನೋಡಿ, ಸರಿಯೆನಿಸಿದರೆ ಅದರಂತೆ ನಡೆಯುತ್ತಿದ್ದರು. ಕ್ಲೈನ್ ದಾಖಲಿಸಿದ ಒಂದು ಪ್ರಸಂಗದಲ್ಲಿ ಮನೆಯೊಂದರ ಅಡುಗೆಕೋಣೆಯ ಬೆಂಕಿಗೆ ಎಷ್ಟು ನೀರು ಹೊಡೆದರೂ ಅದು ಬಗ್ಗಲಿಲ್ಲ; ಪಕ್ಕದ ಕೋಣೆ ಅಷ್ಟು ಸಣ್ಣ ಬೆಂಕಿಗೆ ಇರಬೇಕಾದುದಕ್ಕಿಂತ ಹೆಚ್ಚು ಕಾದಿತ್ತು; ಸದ್ದು ತೀರಾ ಕಡಿಮೆಯಿತ್ತು. ದಳದ ನಾಯಕ ಕಾರಣ ಹೇಳಲಾಗದೆಯೇ ಎಲ್ಲರನ್ನೂ ಹೊರಗೆ ಕರೆದ. ಸ್ವಲ್ಪದರಲ್ಲೇ ಅವರು ನಿಂತಿದ್ದ ನೆಲ ಕುಸಿಯಿತು. ಬೆಂಕಿಯ ಮೂಲ ನೆಲಮಾಳಿಗೆಯಲ್ಲಿತ್ತು. ಆತ ಅದನ್ನು ಆರನೆಯ ಇಂದ್ರಿಯವೆಂದೇ ನಂಬಿದ್ದ. ಬರೆಯುವವರು ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಹೊಂದಿಕೆಯಾಗದ ಮೂರು ಸಂಗತಿಗಳು ಅಲ್ಲಿದ್ದ ಎಲ್ಲರಿಗೂ ಕಾಣುವಂತಿದ್ದವು, ಆದರೆ ಅವು ಹೊಂದಿಕೆಯಾಗುವುದಿಲ್ಲ ಎಂಬುದು ಅನುಭವ ಇದ್ದವನಿಗೆ ಮಾತ್ರ ತಟ್ಟಿತು.

ಶಾರದಮ್ಮನಿಗೆ ಬೆಂಕಿಯ ಅನುಭವವಿಲ್ಲ. ಅವರಿಗೆ ತಿಳಿದಿರುವುದು ಬಟ್ಟೆ. ನೂಲಿನ ಬಟ್ಟೆ ಸುಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಉಣ್ಣೆ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಸ್ಯಾಟಿನ್‌ನಂತಹ ನುಣುಪು ಬಟ್ಟೆಗೆ ಹಾಕಿದ ಗಂಟು ಜಾರುತ್ತದೆ, ಕೋರಾ ಬಟ್ಟೆಯ ಗಂಟು ಕಚ್ಚಿ ಹಿಡಿಯುತ್ತದೆ. ಅವರು ಪಾರಾಗುವುದಾದರೆ ಈ ತಿಳಿವಳಿಕೆಯಿಂದಲೇ ಪಾರಾಗಬೇಕು. ನಿಮ್ಮ ಪಾತ್ರ ಅಂಚೆಯವನಾಗಿದ್ದರೆ ಬೀದಿಗಳ, ದಾದಿಯಾಗಿದ್ದರೆ ದೇಹದ, ಕಳ್ಳನಾಗಿದ್ದರೆ ಜನರ ಕಣ್ಣು ಎತ್ತ ತಿರುಗುತ್ತದೆ ಎಂಬುದರ ಅರಿವು ಹೀಗೆಯೇ ಕೈಹಿಡಿಯಬೇಕು.

ಹಂತ 4: ಬೇಕಾಗುವ ತಿಳಿವಳಿಕೆಯನ್ನು ಮುಂಚೆಯೇ ಬಿತ್ತಿರಿ

ಓದುಗನಿಗೆ ಮೊದಲೇ ತಿಳಿಸದ ಜ್ಞಾನದಿಂದ ಪಾತ್ರವು ಬದುಕಿಕೊಂಡರೆ ಅದು ಮೋಸ. ಅಪಾಯದ ನಡುವೆ ನಿಂತು "ಕೋರಾ ಬಟ್ಟೆಯ ಗಂಟು ಜಾರುವುದಿಲ್ಲ ಎಂದು ಅವರಿಗೆ ತಿಳಿದಿತ್ತು" ಎಂದು ವಿವರಿಸಿದರೆ ಓಟಕ್ಕೆ ಅಡ್ಡಗಾಲು ಹಾಕಿದಂತಾಗುತ್ತದೆ, ಓದುಗನಿಗೆ ಅನುಮಾನವೂ ಬರುತ್ತದೆ.

ಬಿತ್ತುವಾಗ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಆ ಮಾಹಿತಿಗೆ ಅದು ಬರುವ ಜಾಗದಲ್ಲಿಯೇ ಬೇರೊಂದು ಕೆಲಸ ಇರಬೇಕು. ಬೆಂಕಿಗೆ ಮೂವತ್ತು ಪುಟ ಮುಂಚೆ ಕಿರಣನು ಗಿರಾಕಿಯೊಬ್ಬರ ಪೊಟ್ಟಣವನ್ನು ಸ್ಯಾಟಿನ್ ತುಂಡಿನಿಂದ ಕಟ್ಟುತ್ತಾನೆ, ಅದು ಮೆಟ್ಟಿಲ ಮೇಲೆ ಬಿಚ್ಚಿಕೊಂಡು ಹೊಸ ಬಟ್ಟೆಗಳು ಕೆಸರಾಗುತ್ತವೆ, ಶಾರದಮ್ಮ ಗದರುತ್ತಾರೆ, ಹುಡುಗನಿಗೆ ಅವಮಾನವಾಗುತ್ತದೆ. ಓದುಗನು ಅದನ್ನು ಗುರುಶಿಷ್ಯರ ಜಗಳವೆಂದು ಓದಿಕೊಂಡು ಮುಂದೆ ಹೋಗುತ್ತಾನೆ. ಎರಡನೆಯದು, ಬಿತ್ತನೆಗೂ ಫಲಕ್ಕೂ ನಡುವೆ ಮರೆಯುವಷ್ಟು ದೂರವಿರಬೇಕು, ನೆನಪಾಗದಷ್ಟು ದೂರವಿರಬಾರದು. ಸಣ್ಣಕಥೆಯಲ್ಲಿ ನಾಲ್ಕೈದು ಪ್ಯಾರಾ ಸಾಕು. ಕಾದಂಬರಿಯಲ್ಲಿ ಒಂದೆರಡು ಅಧ್ಯಾಯ ಬೇಕಾಗಬಹುದು, ಅದಕ್ಕಿಂತ ದೂರವಾದರೆ ನಡುವೆ ಒಮ್ಮೆ ಲಘುವಾಗಿ ನೆನಪಿಸಬೇಕು.

ಹಂತ 5: ದೇಹಕ್ಕೆ ಹೆದರಲು ಬಿಡಿ

ಅಪಾಯದಲ್ಲಿ ಬೆವರದ ಪಾತ್ರವು ಬುದ್ಧಿವಂತವೆನಿಸದೆ ಕಲ್ಲೆನಿಸುತ್ತದೆ. ಅಡ್ರಿನಲಿನ್ ಹರಿದಾಗ ಎದೆ ಹೊಡೆದುಕೊಳ್ಳುತ್ತದೆ, ದೃಷ್ಟಿ ಕೊಳವೆಯಲ್ಲಿ ನೋಡಿದಂತೆ ಕಿರಿದಾಗುತ್ತದೆ, ಪಕ್ಕದ ಸದ್ದುಗಳು ಕೇಳಿಸದೆ ಹೋಗಬಹುದು, ಬೆರಳುಗಳ ನಾಜೂಕು ಹೋಗಿ ತೋಳುಗಳ ಬಲವಷ್ಟೇ ಉಳಿಯುತ್ತದೆ. ಸಮಯ ನಿಧಾನವಾದಂತೆ ಅನ್ನಿಸುವುದೂ ಉಂಟು. ಇವುಗಳನ್ನು ಪಟ್ಟಿ ಮಾಡಿ ತುರುಕಬೇಡಿ. ಪ್ರಸಂಗದ ಕೆಲಸಕ್ಕೆ ಅಡ್ಡ ಬರುವ ಒಂದೆರಡನ್ನು ಆರಿಸಿಕೊಳ್ಳಿ. ಗಂಟು ಹಾಕಬೇಕಾದ ಶಾರದಮ್ಮನಿಗೆ ಬೆರಳಿನ ನಡುಕವೇ ಸರಿಯಾದ ತೊಡಕು, ಏಕೆಂದರೆ ಇಡೀ ಬದುಕನ್ನು ಆ ಬೆರಳುಗಳ ನಾಜೂಕಿನಿಂದಲೇ ದುಡಿದವರು ಅವರು. ನಡುಗುವ ಕೈಯನ್ನು ನಂಬದೆ ಹಲ್ಲನ್ನು ಬಳಸುವುದು ಬುದ್ಧಿ.

ಹಂತ 6: ನೋಡುವ ಕ್ರಮವನ್ನು ಬರೆಯಿರಿ

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕು. ಮೊದಲು ಸೋತ ಕರಡನ್ನು ನೋಡಿ:

"ಹೊಗೆ ತುಂಬತೊಡಗಿತು. ಕಿರಣ ಗಾಬರಿಯಿಂದ ಕಿರುಚಿದ. ಆದರೆ ಶಾರದಮ್ಮ ಸಮಾಧಾನ ಕಳೆದುಕೊಳ್ಳಲಿಲ್ಲ. ಅವರ ಚುರುಕು ಬುದ್ಧಿ ಕ್ಷಣಾರ್ಧದಲ್ಲಿ ಕೆಲಸ ಮಾಡಿತು. ಗಟ್ಟಿಯಾದ ಬಟ್ಟೆಯಿಂದ ಹಗ್ಗ ಮಾಡಿ ಕಿಟಕಿಯಿಂದ ಇಳಿಯಬಹುದೆಂದು ಅವರು ಅರಿತರು."

ಇಲ್ಲಿರುವುದು ತೀರ್ಪುಗಳು. ಚುರುಕು, ಸಮಾಧಾನ, ಕ್ಷಣಾರ್ಧ ಎಂಬ ಪದಗಳು ಓದುಗನು ತಾನೇ ಮಾಡಬೇಕಾದ ಕೆಲಸವನ್ನು ಕಿತ್ತುಕೊಂಡಿವೆ. ತಿದ್ದಿದ ಕರಡು ಹೀಗಿರಬಹುದು:

"ಕಿರಣ ಚಿಲಕಕ್ಕೆ ಕೈ ಹಾಕಿದ.

'ಮುಟ್ಟಬೇಡ ಕಣೋ.' ಶಾರದಮ್ಮ ಅವನ ತೋಳು ಹಿಡಿದೆಳೆದು, ಅಂಗೈಯ ಹಿಂಬದಿಯನ್ನು ಬಾಗಿಲಿನ ಹಲಗೆಗೆ ತಾಗಿಸಿ, ಇಸ್ತ್ರಿಪೆಟ್ಟಿಗೆಯ ಕಾವು ನೋಡುವಂತೆ ಒಡನೆ ತೆಗೆದರು. ಮೇಜಿನ ಮೇಲಿದ್ದ ಉಣ್ಣೆಯ ತುಂಡನ್ನು ಬಕೆಟ್ಟಿಗೆ ಅದ್ದಿ ಬಾಗಿಲಿನ ಸಂದಿಗೆ ತುರುಕುತ್ತಲೇ ಹಿಂದಿನ ಕಿಟಕಿ ನೋಡಿದರು, ಮೇಜಿನ ಕಾಲು ನೋಡಿದರು, ತಮ್ಮ ಮೊಣಕಾಲು ನೋಡಿಕೊಂಡರು.

ಅಷ್ಟರಲ್ಲಿ ಕಿರಣ ಸ್ಯಾಟಿನ್ ಥಾನು ಬಿಚ್ಚಿ ಗಂಟು ಹಾಕತೊಡಗಿದ್ದ. ಅವರು ಅದನ್ನು ಅವನ ಕೈಯಿಂದ ಕಿತ್ತು ನೆಲಕ್ಕೆಸೆದರು. ಹುಡುಗ ಅವರ ಮುಖ ನೋಡಿದ, ನೆಲದ ಮೇಲಿನ ಬಟ್ಟೆ ನೋಡಿದ, ಕಪಾಟಿನ ತಳದಿಂದ ಕೋರಾ ಬಟ್ಟೆಯ ಥಾನು ಎಳೆದ.

'ಜೋಡಿ ಮಾಡು. ಮೇಜಿನ ಕಾಲಿಗೆ ಬಿಗಿ.' ಅವರ ಬೆರಳು ನಡುಗುತ್ತಿತ್ತು. ಗಂಟಿನ ತುದಿಯನ್ನು ಹಲ್ಲಿನಿಂದ ಎಳೆದರು. 'ನೀನು ಮೊದಲು ಇಳಿ.'

'ಅಮ್ಮಾ, ನಿಮ್ಮನ್ನು ಬಿಟ್ಟು...'

'ಕೆಳಗಿನಿಂದ ನನ್ನನ್ನು ಹಿಡಿಯೋಕೆ ಯಾರಾದರೂ ಇರಬೇಕಲ್ಲ. ಇಳಿ.'"

ಇಡೀ ಭಾಗದಲ್ಲಿ ಬುದ್ಧಿ ಎಂಬ ಪದವಿಲ್ಲ. ಸ್ಯಾಟಿನ್ ಎಸೆದದ್ದಕ್ಕೆ ಕಾರಣ ಹೇಳಿಲ್ಲ. ಕೆಸರಾದ ಪೊಟ್ಟಣ ನೆನಪಿರುವ ಓದುಗನಿಗೂ ಕಿರಣನಿಗೂ ಒಟ್ಟಿಗೇ ಅರ್ಥವಾಗುತ್ತದೆ. ಮೊಣಕಾಲು ನೋಡಿಕೊಂಡದ್ದು ಏಕೆಂಬುದು ನಾಲ್ಕು ಸಾಲು ಕಳೆದ ಮೇಲೆ, ಹುಡುಗನನ್ನು ಮೊದಲು ಇಳಿಸುವ ಮಾತಿನಲ್ಲಿ ತಿಳಿಯುತ್ತದೆ. ಹೀಗೆ ನೋಟ ಮೊದಲು, ಕೈಕೆಲಸ ಆಮೇಲೆ, ಕಾರಣ ಕೊನೆಗೆ ಅಥವಾ ಇಲ್ಲವೇ ಇಲ್ಲ ಎಂಬ ಕ್ರಮವನ್ನು ಉಳಿಸಿಕೊಳ್ಳಿ. ಕಾರಣ ಮೊದಲು ಬಂದರೆ ಅದು ಪಾಠವಾಗುತ್ತದೆ.

ಮಾತುಗಳನ್ನು ಸ್ಟಾಪ್‌ವಾಚ್ ಹಿಡಿದು ಗಟ್ಟಿಯಾಗಿ ಓದಿ. ಹತ್ತು ಸೆಕೆಂಡಿನಲ್ಲಿ ಮುಗಿಯಬೇಕಾದ ಘಟನೆಯ ನಡುವೆ ನಲವತ್ತು ಸೆಕೆಂಡಿನ ಸಂಭಾಷಣೆ ಬಂದಿದ್ದರೆ, ಆಡಿದ ಮಾತು ಎಷ್ಟೇ ಜಾಣತನದ್ದಾದರೂ ಪಾತ್ರ ದಡ್ಡನಂತೆ ಕಾಣುತ್ತದೆ. ಓಡಬೇಕಾದ ಹೊತ್ತಿನಲ್ಲಿ ನಿಂತು ಮಾತನಾಡುವವನು ಜಾಣನಲ್ಲ.

ಹಂತ 7: ಕೈಬಿಟ್ಟ ದಾರಿಗಳನ್ನೂ ತೆತ್ತ ಬೆಲೆಯನ್ನೂ ತೋರಿಸಿ

ಆಯ್ಕೆ ಎಂದರೆ ಉಳಿದವುಗಳನ್ನು ಬಿಡುವುದು. ಶಾರದಮ್ಮನ ಎದುರಿಗೆ ಬಾಗಿಲು, ಕಿಟಕಿಯಿಂದ ಕೂಗುತ್ತಾ ಕಾಯುವುದು, ಇಳಿಯುವುದು ಎಂಬ ಮೂರು ದಾರಿಗಳಿದ್ದವು. ಓದುಗನಿಗೆ ಹೊಳೆಯಬಹುದಾದ ಪ್ರತಿಯೊಂದು ದಾರಿಯನ್ನೂ ಒಂದು ಚಲನೆಯಲ್ಲೋ ಅರ್ಧ ವಾಕ್ಯದಲ್ಲೋ ಮುಚ್ಚಬೇಕು, ಇಲ್ಲವಾದರೆ ಓದಿ ಮುಗಿಸಿದ ಮೇಲೆ "ಅವರೇಕೆ ಹಾಗೆ ಮಾಡಲಿಲ್ಲ" ಎಂಬ ಪ್ರಶ್ನೆ ಉಳಿಯುತ್ತದೆ. ಬಾಗಿಲಿನ ಕಾವು ಮೊದಲ ದಾರಿಯನ್ನು ಮುಚ್ಚಿತು. ಎರಡನೆಯದನ್ನು ನಾನು ಮೇಲಿನ ಕರಡಿನಲ್ಲಿ ಮುಚ್ಚಿಲ್ಲ, ಅದಕ್ಕೆ ಇನ್ನೊಂದು ಸಾಲು ಬೇಕು: ಕಿಟಕಿಯ ಎದುರಿಗೆ ಪಕ್ಕದ ಕಟ್ಟಡದ ಕುರುಡು ಗೋಡೆ, ಕೂಗಿದರೆ ಕೇಳುವವರಿಲ್ಲ.

ಬೆಲೆಯೂ ಇರಬೇಕು. ಕಿಟಕಿ ಹತ್ತುವ ಮುನ್ನ ಅವರ ಕಣ್ಣು ಅಳತೆ ಪುಸ್ತಕದ ಮೇಲೆ ಬೀಳಲಿ, ಕೈ ಅತ್ತ ಹೋಗದಿರಲಿ. ಇಪ್ಪತ್ತು ವರ್ಷದ ಗಿರಾಕಿಗಳು ಆ ಪುಟಗಳಲ್ಲಿದ್ದಾರೆ. ಎರಡೂ ಕೈ ಬಟ್ಟೆಯ ಹಗ್ಗಕ್ಕೆ ಬೇಕು ಎಂಬುದು ಅವರಿಗೆ ಗೊತ್ತಿದೆ.

ವಿಮಾನದ ಪ್ರಸಂಗವೊಂದು ಈ ಹಂತಕ್ಕೆ ಒಳ್ಳೆಯ ಪಾಠ. 2009ರ ಜನವರಿ 15ರಂದು ನ್ಯೂಯಾರ್ಕ್‌ನಿಂದ ಏರಿದ ವಿಮಾನದ ಎರಡೂ ಎಂಜಿನ್‌ಗಳು ಹಕ್ಕಿಗಳ ಹಿಂಡಿಗೆ ಡಿಕ್ಕಿಯಾಗಿ ಬಲ ಕಳೆದುಕೊಂಡವು. 208 ಸೆಕೆಂಡುಗಳ ನಂತರ ಕ್ಯಾಪ್ಟನ್ ಸಲೆನ್‌ಬರ್ಗರ್ ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಮಂದಿಯೂ ಬದುಕಿದರು. ನದಿಗಿಂತ ಮೊದಲು ಅವರು ಮಾಡಿದ ಒಂದು ಸಣ್ಣ ಕೆಲಸವನ್ನು ನೋಡಿ: ಸೂಚನಾಪಟ್ಟಿಯಲ್ಲಿ ಬಹಳ ಕೆಳಗಿದ್ದ ಸಹಾಯಕ ವಿದ್ಯುತ್ ಘಟಕವನ್ನು ಚಾಲೂ ಮಾಡುವ ಕ್ರಮವನ್ನು ಅವರು ಬಹಳ ಮುಂದಕ್ಕೆ ತಂದರು, ಇದರಿಂದ ವಿಮಾನದ ನಿಯಂತ್ರಣ ವ್ಯವಸ್ಥೆಗೆ ವಿದ್ಯುತ್ ತಪ್ಪಲಿಲ್ಲ. ಕಥೆಗಾರನ ಪಾಲಿಗೆ ಬಂಗಾರದಂತಹ ವಿವರ ಇದು, ಏಕೆಂದರೆ ಕ್ರಮ ಬದಲಿಸಿದ್ದರಲ್ಲೇ ತಿಳಿವಳಿಕೆ ಕಾಣುತ್ತದೆ. ಆಮೇಲಿನ ತನಿಖೆಯಲ್ಲಿ, ಡಿಕ್ಕಿಯಾದ ತಕ್ಷಣ ತಿರುಗಿಸಿದರೆ ವಿಮಾನ ನಿಲ್ದಾಣಕ್ಕೆ ಮರಳಬಹುದಿತ್ತೆಂದು ಕೆಲವು ಸಿಮ್ಯುಲೇಟರ್ ಹಾರಾಟಗಳು, ಅಂದರೆ ನೆಲದ ಮೇಲಿನ ಯಂತ್ರದಲ್ಲಿ ಮಾಡಿದ ಅಣಕು ಹಾರಾಟಗಳು, ತೋರಿಸಿದವು. ಪರಿಸ್ಥಿತಿ ಅರಿಯಲು ಮನುಷ್ಯನಿಗೆ ಬೇಕಾದ 35 ಸೆಕೆಂಡು ಸೇರಿಸಿ ಹಾರಿಸಿದಾಗ ನಿಲ್ದಾಣ ಮುಟ್ಟಲಾಗಲಿಲ್ಲ. ಮೇಜಿನ ಮುಂದೆ ಮೂರು ವಾರ ಕೂತು ಉಪಾಯ ಹುಡುಕುವ ನೀವು ಆ ಸಿಮ್ಯುಲೇಟರಿನ ಪೈಲಟ್‌ನಂತೆ. ಪಾತ್ರಕ್ಕೆ ಅದರ 35 ಸೆಕೆಂಡನ್ನು ಕೊಡಲೇಬೇಕು.

ಹಂತ 8: ಸುತ್ತಲಿನವರನ್ನು ದಡ್ಡರನ್ನಾಗಿ ಮಾಡಬೇಡಿ

ನಾಯಕಿ ಎತ್ತರ ಕಾಣಲೆಂದು ಉಳಿದವರನ್ನು ಕುಗ್ಗಿಸುವುದು ಬಹಳ ಸಾಮಾನ್ಯವಾದ ತಪ್ಪು. ಕಿರಣನು ಹಗ್ಗದ ಉಪಾಯ ಹುಡುಕಿದ್ದು ಶಾರದಮ್ಮನಿಗಿಂತ ಮೊದಲೇ. ಅವನು ತಪ್ಪಿದ್ದು ಬಟ್ಟೆಯ ಆಯ್ಕೆಯಲ್ಲಿ ಮಾತ್ರ. ಆ ಸಣ್ಣ ಅಂತರವೇ ಸಾಕು.

ಎದುರಾಳಿ ಮನುಷ್ಯನಾಗಿದ್ದಾಗ ಮೂರು ಅಂಕಣಗಳ ಹಾಳೆ ಕೆಲಸಕ್ಕೆ ಬರುತ್ತದೆ. ಪ್ರತಿ ತಿರುವಿನ ನಂತರವೂ ಎದುರಾಳಿಯ ಅಂಕಣವನ್ನು ತುಂಬಿ, "ಇಷ್ಟು ತಿಳಿದಿದ್ದರೆ ನಾನಾದರೆ ಏನು ಮಾಡುತ್ತಿದ್ದೆ" ಎಂದು ಕೇಳಿಕೊಳ್ಳಿ. ಬಂದೂಕು ಹಿಡಿದವನು ಕಾರಣವಿಲ್ಲದೆ ತನ್ನ ಯೋಜನೆಯನ್ನು ವಿವರಿಸುತ್ತಾ ನಿಂತರೆ, ಕಾವಲುಗಾರ ಕಲ್ಲಿನ ಸದ್ದಿಗೆ ಬೆನ್ನು ತಿರುಗಿಸಿ ಹೊರಟರೆ, ಆ ಗೆಲುವು ನಿಮ್ಮ ನಾಯಕಿಯದ್ದಲ್ಲ. ಎದುರಾಳಿ ತನಗೆ ತಿಳಿದಷ್ಟರಲ್ಲಿ ಅತ್ಯುತ್ತಮವಾದದ್ದನ್ನೇ ಮಾಡಿಯೂ ಸೋಲುವಂತಿರಬೇಕು.

ಇನ್ನೊಂದು ಸಂಗತಿ: ನಿಜವಾದ ಜಾಣ ನಡೆ ಜೊತೆಗಾರರಿಗೆ ಹುಚ್ಚಿನಂತೆ ಕಾಣಬಹುದು. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಕಾಡ್ಗಿಚ್ಚು ಬೆನ್ನಟ್ಟಿದಾಗ, ಅದನ್ನು ನಂದಿಸಲು ಹೋಗಿದ್ದ ದಳದ ಮುಖ್ಯಸ್ಥ ವ್ಯಾಗ್ನರ್ ಡಾಜ್ ಓಡುವುದನ್ನು ನಿಲ್ಲಿಸಿ, ತನ್ನ ಮುಂದಿನ ಒಣಹುಲ್ಲಿಗೆ ತಾನೇ ಬೆಂಕಿ ಹಚ್ಚಿದ. ಸುಟ್ಟ ಜಾಗದಲ್ಲಿ ಮತ್ತೆ ಸುಡಲು ಏನೂ ಉಳಿದಿರುವುದಿಲ್ಲ. ಆ ಬೂದಿಯ ಮೇಲೆ ಬೋರಲಾಗಿ ಮಲಗಿದ ಅವನ ಮೇಲಿಂದ ಕಿಚ್ಚು ದಾಟಿ ಹೋಯಿತು. ಒಳಗೆ ಬನ್ನಿ ಎಂದು ಅವನು ಕರೆದರೂ ಯಾರೂ ಬರಲಿಲ್ಲ. ದಿಬ್ಬದ ತುದಿಯ ಬಂಡೆಗಳ ಬಿರುಕಿನಿಂದ ಆಚೆ ನುಸುಳಿದ ಇಬ್ಬರು ಉಳಿದರು. 13 ಮಂದಿ ಸತ್ತರು. ವಿವರಿಸಲು ಡಾಜ್‌ಗೆ ಸಮಯವಿರಲಿಲ್ಲ, ನಂಬಲು ಅವರಿಗೆ ಆಧಾರವಿರಲಿಲ್ಲ. ಇಂತಹ ಪ್ರಸಂಗ ಬರೆಯುವಾಗ ಓಡಿದವರನ್ನು ಮೂರ್ಖರೆಂದು ತೋರಿಸುವುದು ಅನ್ಯಾಯ. ಬೆನ್ನ ಹಿಂದೆ ಬೆಂಕಿ ಇರುವಾಗ ಮುಂದೆಯೂ ಬೆಂಕಿ ಹಚ್ಚುವವನನ್ನು ಯಾರು ತಾನೇ ನಂಬಿಯಾರು? ಓದುಗನಿಗೂ ಅರೆಕ್ಷಣ ಹಾಗೆಯೇ ಅನ್ನಿಸಬೇಕು.

ಹಂತ 9: ಒಮ್ಮೆ ತಪ್ಪಲು ಬಿಡಿ

ಮೊದಲ ಯೋಜನೆಯೇ ಕೂದಲೆಳೆಯಷ್ಟೂ ತಪ್ಪದೆ ನಡೆದರೆ ಅಪಾಯ ಹುಸಿಯಾಗುತ್ತದೆ. ಆದರೆ ತಪ್ಪು ಎಂತಹದಾಗಿರಬೇಕು ಎಂಬುದು ಮುಖ್ಯ. ಅದು ಪಾತ್ರದ ತಿಳಿವಳಿಕೆಯ ಅಂಚಿನಲ್ಲಿ ಆಗಬೇಕು: ಬಟ್ಟೆ ಬಲ್ಲ ಶಾರದಮ್ಮನಿಗೆ ತಗಡು ಗೊತ್ತಿಲ್ಲ, ಕಿರಣ ಇಳಿದ ಕೂಡಲೇ ಮಾಡಿನ ತಗಡು ಒಂದು ಕಡೆ ಬಾಗುತ್ತದೆ. ತನಗೆ ಚೆನ್ನಾಗಿ ತಿಳಿದ ವಿಷಯದಲ್ಲೇ ಅವರು ಎಡವಿದರೆ ಕಥೆಯ ಅನುಕೂಲಕ್ಕಾಗಿ ಎಡವಿಸಿದಂತೆ ಕಾಣುತ್ತದೆ. ತಪ್ಪನ್ನು ಪಾತ್ರ ಎಷ್ಟು ಬೇಗ ಒಪ್ಪಿಕೊಳ್ಳುತ್ತದೆ ಎಂಬುದರಲ್ಲೂ ಬುದ್ಧಿ ಇದೆ. ಗಾಬರಿಯಾದವರು ಕೆಲಸ ಮಾಡದ ಉಪಾಯವನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾರೆ. ಶಾರದಮ್ಮ ಮೇಲಿನಿಂದಲೇ "ಮೊಳೆ ಇರೋ ಸಾಲಿನ ಮೇಲೆ ನಿಲ್ಲು" ಎಂದು ಕೂಗುತ್ತಾರೆ, ಏಕೆಂದರೆ ಹೊಲಿಗೆ ಇರುವ ಕಡೆ ಬಟ್ಟೆ ಭಾರ ತಡೆಯುವುದನ್ನು ಅವರು ದಿನವೂ ಕಂಡವರು, ಮತ್ತು ತಗಡಿಗೆ ಮೊಳೆ ಹೊಡೆಯುವುದು ಅಡಿಯಲ್ಲಿ ಮರದ ಪಟ್ಟಿ ಇರುವ ಕಡೆಗೇ.

ಹಂತ 10: ತಿದ್ದುವಾಗ ಹುಡುಕಬೇಕಾದ ಗುರುತುಗಳು

ಕರಡನ್ನು ಒಂದು ವಾರ ಬದಿಗಿಟ್ಟು ನಂತರ ತೆಗೆಯಿರಿ. ಚುರುಕು, ಜಾಣ, ತೀಕ್ಷ್ಣ, ಚಾಣಾಕ್ಷ, ಥಟ್ಟನೆ, ಕ್ಷಣಾರ್ಧದಲ್ಲಿ ಎಂಬ ಪದಗಳನ್ನು ಗುರುತು ಹಾಕಿ ಒಂದೊಂದಾಗಿ ಅಳಿಸಿ ಓದಿ. ಅಳಿಸಿದ ಮೇಲೆ ಪಾತ್ರದ ಬುದ್ಧಿ ಕಾಣದೆ ಹೋದರೆ ಅದು ಮೊದಲೂ ಇರಲಿಲ್ಲ ಎಂದು ತಿಳಿದು ಆರನೆಯ ಹಂತಕ್ಕೆ ಹಿಂತಿರುಗಿ. ಬೇರೆ ಪಾತ್ರಗಳು ನಾಯಕಿಯನ್ನು ಹೊಗಳುವ ಮಾತುಗಳಿಗೂ ಇದೇ ಪರೀಕ್ಷೆ.

ಪಾತ್ರ ಬಳಸಿದ ಪ್ರತಿ ವಸ್ತುವೂ ಪ್ರತಿ ತಿಳಿವಳಿಕೆಯೂ ಮೊದಲು ಯಾವ ಪುಟದಲ್ಲಿ ಬಂದಿದೆ ಎಂದು ಅಂಚಿನಲ್ಲಿ ಬರೆಯಿರಿ. ಅಪಾಯ ಶುರುವಾದ ನಂತರದ ಪುಟಸಂಖ್ಯೆ ಎಲ್ಲಿಯಾದರೂ ಬಂದರೆ ಅಲ್ಲಿ ಬಿತ್ತನೆ ತಪ್ಪಿದೆ. ಒಗಟು ಬಿಡಿಸಿದ ಮೇಲೆ ಪಾತ್ರ ಎಲ್ಲರನ್ನೂ ಕೂರಿಸಿ ವಿವರಿಸುವ ಪ್ಯಾರಾ ಇದ್ದರೆ, ಅದನ್ನು ತೆಗೆದು ಪ್ರಸಂಗ ಅರ್ಥವಾಗುತ್ತದೆಯೇ ನೋಡಿ. ಬಹುಮಟ್ಟಿಗೆ ಅರ್ಥವಾಗುತ್ತದೆ, ಮೊದಲಿಗಿಂತ ಚೆನ್ನಾಗಿಯೇ.

ಕೊನೆಯ ಪರೀಕ್ಷೆಗೆ ಇನ್ನೊಬ್ಬರು ಬೇಕು. ಅಪಾಯದ ಪ್ರಸಂಗವನ್ನು ಉಪಾಯ ಬರುವ ಸಾಲಿಗೆ ನಿಲ್ಲಿಸಿ, ಅಲ್ಲಿಯವರೆಗಿನ ಪುಟಗಳನ್ನು ಒಬ್ಬ ಓದುಗನಿಗೆ ಕೊಟ್ಟು, ಮುಂದೇನು ಮಾಡಬಹುದು ಎಂದು ಕೇಳಿ. ಆತ ತಕ್ಷಣ ನಿಮ್ಮ ಉಪಾಯವನ್ನೇ ಹೇಳಿದರೆ ಬಿತ್ತನೆ ಎದ್ದು ಕಾಣುತ್ತಿದೆ. ನಿಮಗೆ ಹೊಳೆಯದ ಇನ್ನೂ ಸುಲಭದ ದಾರಿ ಹೇಳಿದರೆ ಆ ದಾರಿಯನ್ನು ಏಳನೆಯ ಹಂತದಂತೆ ಮುಚ್ಚಿ, ಇಲ್ಲವೇ ಅದನ್ನೇ ಪಾತ್ರಕ್ಕೆ ಕೊಟ್ಟುಬಿಡಿ. ಉಳಿದ ಪುಟಗಳನ್ನು ಆಮೇಲೆ ಕೊಡಿ. ಓದಿದವನು ತಲೆಯೆತ್ತದೆ ಹಿಂದಿನ ಪುಟಗಳನ್ನು ತಿರುವಿ ಆ ಕೆಸರಾದ ಪೊಟ್ಟಣವನ್ನು ಹುಡುಕತೊಡಗಿದರೆ ಪ್ರಸಂಗ ಸಿದ್ಧವಾಗಿದೆ.